ಕೆರೆಯ ಊರಿನಿಂದ ಕೊಳಾಯಿಯ ಊರಿಗೆ: ಬೆಂಗಳೂರು ಜಲಮಂಡಳಿಯ ಅರವತ್ತು ವರ್ಷ

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ಮೊದಲು ಕೇಳುವುದು ಬಾಡಿಗೆ ಎಷ್ಟೆಂದಲ್ಲ. "ಕಾವೇರಿ ಬರುತ್ತಾ, ಬೋರಾ?" ಎಂದು. ಓನರ್ ಸ್ವಲ್ಪ ಎದೆ ಉಬ್ಬಿಸಿ "ಎರಡೂ ಉಂಟು, ಸಂಪೂ ದೊಡ್ಡದು" ಅಂದರೆ ಮಾತುಕತೆ ಮುಂದುವರಿಯುತ್ತದೆ. ನೂರು ಕಿಲೋಮೀಟರ್ ಆಚೆ ಹರಿಯುವ ಹೊಳೆಯ ಹೆಸರು ಒಂದು ಮನೆಯ ಸೌಕರ್ಯಗಳ ಪಟ್ಟಿಗೆ ಸೇರಿಕೊಂಡ ಊರು ನಮ್ಮದು. ಆ ಹೆಸರನ್ನು ಅಡುಗೆಮನೆಯ ನಲ್ಲಿಯವರೆಗೆ ತಂದ ಸಂಸ್ಥೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಜನರ ಬಾಯಲ್ಲಿ ಅದು ಜಲಮಂಡಳಿ. 1964ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಅರವತ್ತು ತುಂಬಿದೆ.

ಜನ ಕರೆಯುವ ಹೆಸರಿನಲ್ಲಿ ಜಲ ಮಾತ್ರ ಉಳಿದಿದೆ, ಒಳಚರಂಡಿ ಬಿಟ್ಟುಹೋಗಿದೆ. ಅದಕ್ಕೆ ಹೆಸರು ಉದ್ದವಾಯಿತೆಂಬುದಷ್ಟೇ ಕಾರಣವಲ್ಲ. ಈ ಅರವತ್ತು ವರ್ಷಗಳ ಬಹುಭಾಗ ಊರಿನ ಗಮನವೆಲ್ಲ ಬರುವ ನೀರಿನ ಮೇಲಿತ್ತು, ಹೋಗುವ ನೀರನ್ನು ಕೇಳುವವರು ಕಡಿಮೆ. ಮಂಡಳಿಯ ಕಥೆಯನ್ನು ನೆಟ್ಟಗೆ ಹೇಳಬೇಕಾದರೆ ಈ ಎರಡು ನೀರಿನ ಕಥೆಯನ್ನೂ ಹೇಳಬೇಕು.

ಕೊಳಾಯಿಗೆ ಮುಂಚೆ: 1537–1894

ಬೆಂಗಳೂರು ಹೊಳೆಯ ದಂಡೆಯಲ್ಲಿ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ದಿಣ್ಣೆಯ ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ದಾರಿ ಹಿಡಿದು ತಮಿಳುನಾಡಿಗೆ ಹೋಗುತ್ತದೆ. ಈ ಏಣನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನೂರ ಎಪ್ಪತ್ತು ವರ್ಷಗಳ ಮೇಲೆ ದೆಹಲಿಯ ನ್ಯಾಯಾಧಿಕರಣದ ಮುಂದೆ ಇದೇ ಒಂದು ವಾದವಾಗಿ ನಿಲ್ಲಲಿತ್ತು.

1537ರಲ್ಲಿ ಕೋಟೆ ಕಟ್ಟಿದ ಕೆಂಪೇಗೌಡರಿಗೆ ಹೊಳೆಯಿಲ್ಲದ ಊರಿನ ಕಷ್ಟ ಗೊತ್ತಿತ್ತು. ಅವರೂ ಅವರ ನಂತರದವರೂ ತಗ್ಗು ಕಂಡಲ್ಲಿ ಏರಿ ಹಾಕಿದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು. ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುವ ಸರಪಣಿ ಅದು. ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇದ್ದ, ಅವನಿಗೆ ಊರಿನ ಆಯ ಇತ್ತು. ಕುಡಿಯುವ ನೀರಿಗೆ ಬಾವಿ, ಕಲ್ಯಾಣಿ. ಮುಂದೆ ಬ್ರಿಟಿಷರ ದಂಡು ಪ್ರದೇಶ ಬೆಳೆದಾಗ ಅದಕ್ಕೆ ಈ ನೀರು ಸಾಲದಾಯಿತು. ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಕಳೆದ ಮೇಲೆ 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಇವತ್ತಿಗೂ ಸದಾಶಿವನಗರದ ಪಕ್ಕದಲ್ಲಿದೆ. ಬೆಳಿಗ್ಗೆ ಅದರ ಸುತ್ತ ನಡೆಯುವವರಲ್ಲಿ ಎಷ್ಟು ಜನಕ್ಕೆ ಅದು ಕುಡಿಯುವ ನೀರಿಗಾಗಿ ಕಟ್ಟಿದ್ದೆಂದು ಗೊತ್ತೋ!

ಹೆಸರಘಟ್ಟ, ತಿಪ್ಪಗೊಂಡನಹಳ್ಳಿ: 1894–1963

ಕೊಳವೆಯಲ್ಲಿ ನೀರು ತರುವ ಯೋಚನೆಗೆ ರೂಪ ಬಂದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಊರಿನ ವಾಯವ್ಯಕ್ಕೆ ಅರ್ಕಾವತಿಯ ಮೇಲಿದ್ದ ಹಳೆಯ ಹೆಸರಘಟ್ಟದ ಕೆರೆಯನ್ನು 1894ರಲ್ಲಿ ಹೊಸದಾಗಿ ಕಟ್ಟಲು ಕೈಹಾಕಿದರು. ಇಟ್ಟಿಗೆಯ ಕಾಲುವೆಯಲ್ಲಿ ನೀರು ತಾನಾಗಿ ಸೋಲದೇವನಹಳ್ಳಿಗೆ ಹರಿದುಬರುವುದು, ಅಲ್ಲಿಂದ ಉಗಿಯಂತ್ರ ಅದನ್ನು ಊರಿನ ಕಡೆಗೆ ತಳ್ಳುವುದು, ಇದು ಏರ್ಪಾಡು. ಯೋಜನೆಗೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. 1896ರಲ್ಲಿ ಕೊಳಾಯಿಯಲ್ಲಿ ನೀರು ಬಂದಾಗ ಹೆಸರು ಮಾತ್ರ ಉಳಿದಿತ್ತು. ಎರಡೂವರೆ ಲಕ್ಷ ಜನಕ್ಕೆ, ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಆ ಕಾಲದ ಲೆಕ್ಕ. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. ಆಡಳಿತ ಎರಡಾದರೂ ನೀರು ಒಂದೇ ಆಯಿತು. ಎರಡೂ ಊರುಗಳು ಒಂದೇ ಪಾಲಿಕೆಯಾದದ್ದು 1949ರಲ್ಲಿ. ಕೊಳವೆ ಅದಕ್ಕಿಂತ ಅರ್ಧ ಶತಮಾನ ಮುಂಚೆಯೇ ಅವನ್ನು ಜೋಡಿಸಿತ್ತು.

ಎರಡು ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂತು. ಜನ ಇಕ್ಕಟ್ಟಿನ ಪೇಟೆಯ ಕೇರಿಗಳನ್ನು ಬಿಟ್ಟು ಹೊಸ ಬಡಾವಣೆಗಳತ್ತ ಹೊರಟರು. ಮಲ್ಲೇಶ್ವರ, ಬಸವನಗುಡಿ ತುಂಬಿದವು. ಮಲ್ಲೇಶ್ವರದಲ್ಲಿ ನೀರು ಸೋಸುವ ಜ್ಯೂಯೆಲ್ ಫಿಲ್ಟರುಗಳು ಕೂತವು. ಬೀದಿಯ ಮೂಲೆಯ ನಲ್ಲಿ ನಗರ ಜೀವನದ ಗುರುತಾಯಿತು. 1922ರಲ್ಲಿ ಒಳಚರಂಡಿಯ ಕೆಲಸವೂ ಶುರುವಾಯಿತು.

ಆದರೆ ಮಳೆಗೆ ನೇರವಾಗಿ ಕೈಚಾಚುವ ಕೆರೆಗೆ ಮಳೆ ತಪ್ಪಿದರೆ ಗತಿಯಿಲ್ಲ. 1925–26ರ ಹೊತ್ತಿಗೆ ಹೆಸರಘಟ್ಟ ಒಣಗಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯನ್ನು ತೋರಿಸಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಅಣೆಕಟ್ಟು ಎದ್ದು, 1933ರಲ್ಲಿ ಆ ಜಲಾಶಯದ, ಅಂದರೆ ಚಾಮರಾಜಸಾಗರದ, ನೀರು ನಗರಕ್ಕೆ ಬಂತು. ಅಲ್ಲಿಂದ ನೀರನ್ನು ಮೇಲೆತ್ತಿ, ತಾವರೆಕೆರೆಯಲ್ಲಿ ಮತ್ತೊಮ್ಮೆ ಎತ್ತಿ ತರಬೇಕಿತ್ತು.

ಹೆಸರಘಟ್ಟದ ನೀರು ಬಂದ ಮೇಲೆ ಧರ್ಮಾಂಬುಧಿಯ ಹಂಗು ತಪ್ಪಿತು. ಹಂಗು ತಪ್ಪಿದ ಕೆರೆಯ ಹೂಳು ಎತ್ತುವವರಾರು? ಅದು ಬತ್ತಿ ಬಯಲಾಗಿ, ಈಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಗಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಸಂಪ್ರದಾಯಕ್ಕೆ ಬೇಕೆಂದು ಅದರ ಒಂದು ಚೂರು ಮಾತ್ರ ಕುಂಟೆಯಾಗಿ ಉಳಿದುಕೊಂಡಿತು. ಕರಗ ಹೊರುವವರು ಇಂದಿಗೂ ಆ ನೀರನ್ನು ಮರೆತಿಲ್ಲ. ದೂರದಿಂದ ನೀರು ಬಂದಾಗಲೆಲ್ಲ ಹತ್ತಿರದ ನೀರನ್ನು ಕೈಬಿಡುವ ಈ ಅಭ್ಯಾಸ ಮಂಡಳಿ ಹುಟ್ಟುವ ಮುಂಚಿನದು. ಅದರ ತಪ್ಪನ್ನೆಲ್ಲ ಮಂಡಳಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

1964: ಒಂದು ಕಾಯ್ದೆ, ಎರಡು ಹೊಣೆ

ಸ್ವಾತಂತ್ರ್ಯದ ನಂತರ ಎಚ್‌ಎಎಲ್ ಬೆಳೆಯಿತು, ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಕಾರ್ಖಾನೆಗೆ ಬಂದವರ ಹಿಂದೆ ಅವರ ಸಂಸಾರಗಳು ಬಂದವು. 1961ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 12 ಲಕ್ಷ ಮುಟ್ಟಿತ್ತು. ನೀರಿನ ಮೂಲ, ಯಂತ್ರಾಗಾರಗಳನ್ನು ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತಿತ್ತು. ಬೀದಿಯ ಕೊಳವೆ, ಚರಂಡಿ ಪಾಲಿಕೆಯದು. ನೀರು ತರುವವರು ಒಬ್ಬರು, ಹಂಚುವವರು ಇನ್ನೊಬ್ಬರು. ನಲ್ಲಿ ಒಣಗಿದಾಗ ಜನ ಯಾರ ಬಾಗಿಲು ತಟ್ಟಬೇಕು?

1964ರ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆ ಆ ಪ್ರಶ್ನೆಗೆ ಉತ್ತರವಾಗಿ ಬಂತು. ನೀರು, ಒಳಚರಂಡಿ ಎರಡನ್ನೂ ಹೊತ್ತ ನಗರ ಮಂಡಳಿಗಳಲ್ಲಿ ದೇಶದ ಮೊದಲ ಸಾಲಿನಲ್ಲಿ ನಿಲ್ಲುವುದು ನಮ್ಮದು. ಸ್ವಂತ ಲೆಕ್ಕ, ಸ್ವಂತ ಸಾಲ, ಸ್ವಂತ ಬಿಲ್ಲು. ಗ್ರಾಹಕರಿಂದ ಬಂದದ್ದರಲ್ಲೇ ಸಂಸಾರ ಸಾಗಿಸಬೇಕೆಂಬುದು ಮೂಲ ಆಶಯ. ಪಾಲಿಕೆಯ ಕೈಯಿಂದ ನೀರು ಹೋಯಿತೆಂಬ ಬೇಸರ ಕೆಲವು ಕೌನ್ಸಿಲರುಗಳಿಗಿದ್ದೀತು. ರಸ್ತೆ ಪಾಲಿಕೆಯದು, ರಸ್ತೆಯ ಕೆಳಗಿನ ಕೊಳವೆ ಮಂಡಳಿಯದು ಎಂಬ ವಿಭಜನೆಯಿಂದ ಹುಟ್ಟಿದ ಪತ್ರವ್ಯವಹಾರ ಕಡತಗಳಲ್ಲಿ ಇವತ್ತಿಗೂ ಬೆಳೆಯುತ್ತಿದೆ. ಹೊಸ ಡಾಂಬರು ಬಿದ್ದ ವಾರಕ್ಕೆ ರಸ್ತೆ ಅಗೆದದ್ದು ಯಾಕೆಂದು ಕೇಳದ ಬೆಂಗಳೂರಿಗರಿಲ್ಲ. ಅಣ್ಣತಮ್ಮಂದಿರ ಮನೆಯ ಹಿತ್ತಿಲ ಗೋಡೆಯ ಜಗಳವೆಂದು ಅದನ್ನು ಇಲ್ಲಿಗೆ ಬಿಡೋಣ.

ಮಂಡಳಿಯೊಳಗಿನ ಒಂದು ಸಣ್ಣ ತಕರಾರು ಮಾತ್ರ ದೇಶದ ಕಾನೂನಿನ ಚರಿತ್ರೆಗೇ ಸೇರಿತು. ಕೆಲವು ನೌಕರರಿಗೆ ದಂಡ ಹಾಕಿದ್ದರ ಸುತ್ತ ಎದ್ದ ವ್ಯಾಜ್ಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. ಜಲಮಂಡಳಿ ಒಂದು 'ಉದ್ಯಮ' ಹೌದೋ ಅಲ್ಲವೋ ಎಂಬುದು ಪ್ರಶ್ನೆ. 1978ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪ್ರಮುಖ ತೀರ್ಪು ಹೌದೆಂದಿತು. ಆಸ್ಪತ್ರೆ, ಶಾಲೆ, ಸೇವಾಸಂಸ್ಥೆಗಳ ನೌಕರರೂ ಆ ವ್ಯಾಖ್ಯೆಯ ನೆರಳಿಗೆ ಬಂದರು. ದೇಶದಲ್ಲಿ ಕಾರ್ಮಿಕ ಕಾನೂನು ಓದುವ ಪ್ರತಿ ವಿದ್ಯಾರ್ಥಿಯೂ ನಮ್ಮ ಮಂಡಳಿಯ ಪೂರ್ತಿ ಹೆಸರನ್ನು, ಒಳಚರಂಡಿಯನ್ನೂ ಬಿಡದೆ, ಬಾಯಿಪಾಠ ಮಾಡುತ್ತಾನೆ. ಊರಿನವರು ಮರೆತ ಅರ್ಧ ಹೆಸರನ್ನು ಕೋರ್ಟು ಉಳಿಸಿತು.

1974–1993: ಕಾವೇರಿ ಮೆಟ್ಟಿಲು ಹತ್ತಿದ್ದು

ಅರ್ಕಾವತಿಯನ್ನೇ ನೆಚ್ಚಿಕೊಂಡರೆ ಊರು ನಡೆಯದೆಂಬುದು ಅರವತ್ತರ ದಶಕದಲ್ಲೇ ಖಚಿತವಾಗಿತ್ತು. ಉಳಿದದ್ದು ಕಾವೇರಿ. ಶಿವನಸಮುದ್ರದಿಂದ ವಿದ್ಯುತ್ ಬಂದು ಬೆಂಗಳೂರಿನ ದೀಪಗಳು ಹೊತ್ತಿದ್ದು 1905ರಲ್ಲಿ. ಅದೇ ಸೀಮೆಯಿಂದ ಕುಡಿಯುವ ನೀರು ಬರಲು ಇನ್ನೂ 69 ವರ್ಷ ಹಿಡಿಯಿತು. ಬೆಳಕು ತಂತಿಯ ಮೇಲೆ ಹಗುರಾಗಿ ಬರುತ್ತದೆ, ನೀರಿಗೆ ತೂಕವಿದೆ.

ಆ ತೂಕವೇ ಮಂಡಳಿಯ ಅರವತ್ತು ವರ್ಷದ ತಲೆನೋವು. ಶಿವ ಸಮತೋಲನ ಜಲಾಶಯದಿಂದ ನೆಟ್ಕಲ್ ಮೂಲಕ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ನೀರು ಬರುತ್ತದೆ. ಎಂಜಿನಿಯರುಗಳ ಬಾಯಲ್ಲಿ ಅದು ಟಿ.ಕೆ. ಹಳ್ಳಿ. ಅಲ್ಲಿ ಶುದ್ಧವಾದ ನೀರನ್ನು ಮೂರು ಮೆಟ್ಟಿಲಲ್ಲಿ ಮೇಲೆತ್ತಬೇಕು: ಮೊದಲು ಟಿ.ಕೆ. ಹಳ್ಳಿಯಲ್ಲಿ, ಆಮೇಲೆ ಹಾರೋಹಳ್ಳಿಯಲ್ಲಿ, ಕೊನೆಗೆ ತಾತಗುಣಿಯಲ್ಲಿ. ತಾತಗುಣಿ ಎಂದರೆ ನಟಿ ದೇವಿಕಾರಾಣಿ ಮತ್ತು ಚಿತ್ರಕಲಾವಿದ ರೋರಿಕ್ ದಂಪತಿಯ ತೋಟ ಮಾತ್ರ ನೆನಪಾಗುವವರು ಅದರ ಆಚೆಗಿನ ಪಂಪುಗಳ ಗುಡುಗನ್ನೂ ಒಮ್ಮೆ ಕೇಳಬೇಕು. ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಏರು. ದಿನವಿಡೀ, ವರ್ಷವಿಡೀ. ಮಂಡಳಿಯ ಖರ್ಚಿನಲ್ಲಿ ಕರೆಂಟು ಬಿಲ್ಲಿನದೇ ಬಹುದೊಡ್ಡ ಪಾಲಾಗಿರುವುದು ಇದರಿಂದಲೇ. ನಾವು ನಲ್ಲಿಯ ಕೆಳಗೆ ತೊಳೆಯುವ ಪ್ರತಿ ಲೋಟದ ಹಿಂದೆಯೂ ಅಷ್ಟು ಎತ್ತರದ ಬೆಟ್ಟ ಹತ್ತಿದ ದಣಿವಿದೆ.

ಮೊದಲ ಹಂತ 1974ರಲ್ಲಿ ಮುಗಿಯಿತು. ದಿನಕ್ಕೆ 13.5 ಕೋಟಿ ಲೀಟರ್. ಅಷ್ಟೇ ಪ್ರಮಾಣದ ಎರಡನೇ ಹಂತ 1982ರಲ್ಲಿ ಬಂತು. ನಡುವೆ 1981ರ ಜನಗಣತಿ 29 ಲಕ್ಷ ತೋರಿಸಿತ್ತು. ಇಪ್ಪತ್ತು ವರ್ಷದಲ್ಲಿ ಊರು ಎರಡೂವರೆ ಪಟ್ಟಿಗೆ ಹತ್ತಿರವಾಗಿತ್ತು. ಮೂರನೇ ಹಂತ 1993ರಲ್ಲಿ ಸೇರಿತು. ಈ ಇಪ್ಪತ್ತು ವರ್ಷ ಮಂಡಳಿಯ ಎಂಜಿನಿಯರುಗಳ ಸುವರ್ಣಕಾಲವೆಂದು ನನ್ನ ಎಣಿಕೆ. ಕನಕಪುರ ರಸ್ತೆಯ ಗುಡ್ಡಬಂಡೆಗಳ ನಡುವೆ ಕೊಳವೆ ಹಾಕಿದ ತಲೆಮಾರು ಅದು. ಆಗಿನವರ ಹೆಸರಿನ ಫಲಕಗಳು ಹೆಚ್ಚಿಲ್ಲ, ಆದರೆ ಅವರು ಹಾಕಿದ ದಾರಿಯಲ್ಲೇ ಮುಂದಿನ ಎಲ್ಲ ಹಂತಗಳೂ ನಡೆದವು. ಕೆಂಪೇಗೌಡ ರಸ್ತೆಯಲ್ಲಿರುವ ಮಂಡಳಿಯ ಕೇಂದ್ರ ಕಚೇರಿಗೆ ಕಾವೇರಿ ಭವನವೆಂದು ಹೆಸರಿಟ್ಟದ್ದು ಸರಿಯಾಗಿಯೇ ಇದೆ.

ನೀರುಗಂಟಿ ಮತ್ತೆ ಹುಟ್ಟಿಬಂದದ್ದೂ ಈ ಕಾಲದಲ್ಲಿ. ತೂಬಿನ ಜಾಗದಲ್ಲಿ ವಾಲ್ವು, ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ. ಬೆಳಗಿನ ಜಾವ ನಾಲ್ಕಕ್ಕೆ ಬೀದಿಯ ಮುಚ್ಚಳ ತೆಗೆದು ವಾಲ್ವ್‌ಮನ್ ಕೀಲಿ ತಿರುಗಿಸಿದರೆ ಈ ಬೀದಿಗೆ ನೀರು, ಆ ಬೀದಿಗೆ ನಾಳೆ. ಯಾವ ಏರಿಯಾಕ್ಕೆ ಯಾವ ದಿನ, ಎಷ್ಟು ಗಂಟೆ, ಯಾವ ಮನೆ ಎತ್ತರದಲ್ಲಿದೆ, ಎಲ್ಲಿ ಒತ್ತಡ ಸಾಲದು ಎಂಬುದೆಲ್ಲ ಅವನ ತಲೆಯಲ್ಲಿ. ಈಗ ಕಂಪ್ಯೂಟರ್ ಪರದೆಯ ಮೇಲೆ ಹರಿವಿನ ಲೆಕ್ಕ ಕಾಣುತ್ತದೆ, ಒಳ್ಳೆಯದೇ. ಆದರೆ ಬೆಂಗಳೂರಿನ ಗೃಹಿಣಿಯರು ಎಷ್ಟೋ ವರ್ಷ ನಂಬಿದ್ದು ವಾಲ್ವ್‌ಮನ್‌ನ ಮಾತನ್ನೇ. ಹಬ್ಬದ ಮುಂದಿನ ದಿನ "ಅಣ್ಣ, ನಾಳೆ ಒಂದು ಗಂಟೆ ಜಾಸ್ತಿ ಬಿಡಪ್ಪ" ಎಂದು ಕೇಳದ ಬೀದಿಯಿತ್ತೇ?

ಎರಡು ರಾಜ್ಯ, ಒಂದು ಏಣು: 1990–2018

ಕಾವೇರಿ ನಮಗೊಬ್ಬರಿಗೇ ಸೇರಿದ ಹೊಳೆಯಲ್ಲ. ತಮಿಳುನಾಡಿನೊಡನೆ ಇದ್ದ ವ್ಯಾಜ್ಯಕ್ಕೆ 1990ರಲ್ಲಿ ನ್ಯಾಯಾಧಿಕರಣ ರಚನೆಯಾಯಿತು. 1991ರ ಮಧ್ಯಂತರ ಆದೇಶದ ನಂತರದ ಗಲಭೆಯ ದಿನಗಳನ್ನು ಈ ನಗರ ನೆನೆಯಲು ಇಷ್ಟಪಡುವುದಿಲ್ಲ. 2007ರ ಅಂತಿಮ ತೀರ್ಪು ಬೆಂಗಳೂರಿಗೆ ಕುಡಿಯುವ ನೀರು ಲೆಕ್ಕ ಹಾಕುವಾಗ ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂಬ ಅಂಶವನ್ನು ಹಿಡಿಯಿತು. ಕೆಂಪೇಗೌಡರು ಕೂತ ದಿಣ್ಣೆಯ ಏಣು ಹೀಗೆ ಕಾಗದಕ್ಕೆ ಬಂತು. ದಿಣ್ಣೆಯ ಈಚೆಗಿರುವವನಿಗೆ ನೀರುಂಟು, ಆಚೆಗಿರುವವನಿಗಿಲ್ಲವೆಂದರೆ ಬೀದಿಯ ಯಾವ ಬದಿಯಲ್ಲಿ ಗೆರೆ ಎಳೆಯುವುದು?

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ಗೆರೆಯನ್ನು ಅಳಿಸಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕಿದ 14.75 ಟಿಎಂಸಿ ಅಡಿಯಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಬಂತು. ಮಂಡಳಿಯ ಪಾಲಿಗೆ ಯಾವ ಅಣೆಕಟ್ಟಿಗೂ ಕಡಿಮೆಯಿಲ್ಲದ ಮೈಲಿಗಲ್ಲು ಅದು. ಮುಂದೆ ಬಂದ ಐದನೇ ಹಂತದ ಕೆಳಗೆ ನೆಲ ಗಟ್ಟಿಯಾದದ್ದು ಅಂದು.

ಊರು ಹಿಗ್ಗಿದ್ದು: 2002–2012

ನಾಲ್ಕನೇ ಹಂತದ ಮೊದಲ ಭಾಗ 2002ರಲ್ಲಿ, ಎರಡನೇ ಭಾಗ 2012ರಲ್ಲಿ ಮುಗಿದವು. ಎರಡನೆಯದೊಂದೇ ದಿನಕ್ಕೆ 50 ಕೋಟಿ ಲೀಟರ್ ಸೇರಿಸಿತು. ಜಪಾನಿನ ಸಾಲದ ನೆರವು ಇದಕ್ಕಿತ್ತು. ನಡುವೆ 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಪಾಲಿಕೆಯಾಯಿತು. ಒಂದು ಅಧಿಸೂಚನೆಯಲ್ಲಿ ಊರು ಮೂರು ಪಟ್ಟಿಗೂ ಹೆಚ್ಚಾಯಿತು. ಅಧಿಸೂಚನೆಗೆ ಒಂದು ರಾತ್ರಿ ಸಾಕು, ಕೊಳವೆಗೆ ಒಂದು ದಶಕ ಬೇಕು. ಹೊರವಲಯದವರಿಂದ ಮುಂಗಡ ವಂತಿಗೆ ಪಡೆದು ಕೊಳವೆ ಹಾಕುವ ಕ್ರಮ ಬಂದಾಗ, ಹಣ ಕಟ್ಟಿ ನೀರಿಗೆ ಕಾದವರು ಮುನಿಸಿಕೊಂಡದ್ದು ಸಹಜವೇ. ಖಾಸಗಿಯವರ ಪಾಲುಗಾರಿಕೆಯ ಪ್ರಸ್ತಾವಗಳೂ ಆ ವರ್ಷಗಳಲ್ಲಿ ಬಂದವು. ನಾಗರಿಕ ಸಂಘಟನೆಗಳು ಬಿಸಿಯಾಗಿ ಚರ್ಚಿಸಿದವು, ನೀರಿನ ಹಂಚಿಕೆ ಮಂಡಳಿಯ ಕೈಯಲ್ಲೇ ಉಳಿಯಿತು. ಇಂಥ ಚರ್ಚೆ ಸಂಸ್ಥೆಗೆ ಬೇಕಾಗಿತ್ತು ಎಂದೇ ಇಂದು ಹಿಂತಿರುಗಿ ನೋಡಿದಾಗ ಅನ್ನಿಸುತ್ತದೆ.

ಹೆಚ್ಚು ಸದ್ದಿಲ್ಲದೆ ನಡೆದ ಇನ್ನೊಂದು ಕೆಲಸಕ್ಕೆ ಇಲ್ಲಿ ಎರಡು ಸಾಲು ಮೀಸಲಿಡಬೇಕು. ಕೊಳೆಗೇರಿಯವರಿಗೆ ಅಲ್ಲಿಯವರೆಗೆ ಇದ್ದದ್ದು ಬೀದಿ ನಲ್ಲಿ, ಬಿಂದಿಗೆಗಳ ಸಾಲು. ಮನೆಗೆ ಕೊಳಾಯಿ ಬೇಕೆಂದರೆ ಜಾಗದ ಪತ್ರ ಕೇಳುತ್ತಿದ್ದರು, ಅದು ಅವರಲ್ಲಿ ಇರುತ್ತಿರಲಿಲ್ಲ. 2000ದ ಸುಮಾರಿಗೆ ವಾಸದ ದಾಖಲೆಯ ಮೇಲೆಯೇ ಸಂಪರ್ಕ ಕೊಡುವ, ಶುಲ್ಕ ಇಳಿಸುವ ಪ್ರಯತ್ನ ಕೆಲವು ಕೊಳೆಗೇರಿಗಳಲ್ಲಿ ಆರಂಭವಾಯಿತು. ನೀರು ಕೊಡುವುದಕ್ಕೂ ಹಕ್ಕುಪತ್ರ ಕೊಡುವುದಕ್ಕೂ ಇದ್ದ ಗಂಟನ್ನು ಬಿಚ್ಚಿದ್ದು ದೊಡ್ಡ ಅಣೆಕಟ್ಟಿನಷ್ಟೇ ಮುಖ್ಯ ಕೆಲಸ.

2009ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಹಳೆಯ ಮನೆಯಾದರೆ ಅರವತ್ತು ನಲವತ್ತರ ಸೈಟಿನಿಂದ ಮೇಲೆ, ಹೊಸದಾಗಿ ಕಟ್ಟುವವರಿಗೆ ಮೂವತ್ತು ನಲವತ್ತರಿಂದಲೇ. ಲೆಕ್ಕ ಸುಲಭ: ವರ್ಷಕ್ಕೆ 900 ಮಿಲಿಮೀಟರ್ ಮಳೆ ಎಂದು ಹಿಡಿದರೂ 2400 ಚದರಡಿಯ ಮೇಲೆ ಬೀಳುವುದು ಸುಮಾರು ಎರಡು ಲಕ್ಷ ಲೀಟರ್. ಅರ್ಧ ಹಿಡಿದರೂ ಒಂದು ಸಂಸಾರಕ್ಕೆ ತಿಂಗಳುಗಟ್ಟಲೆ ಬರುತ್ತದೆ. ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಸಂಗ್ರಹ ಉದ್ಯಾನವನ್ನು ಮಂಡಳಿ ತೆರೆಯಿತು. ಆದರೂ ದಂಡ ಕಟ್ಟಿ ಸುಮ್ಮನಿರುವುದೇ ಸುಲಭವೆಂದುಕೊಂಡ ಮನೆಗಳು ಕಡಿಮೆಯಿಲ್ಲ.

ಇದೇ ಹೊತ್ತಿಗೆ ಅತ್ತ ತಿಪ್ಪಗೊಂಡನಹಳ್ಳಿ ಸೋಲುತ್ತಿತ್ತು. ಅರ್ಕಾವತಿಯ ಜಲಾನಯನದಲ್ಲಿ ಬೋರ್‌ವೆಲ್ ಆಳಕ್ಕಿಳಿದಂತೆ ಹೊಳೆಯ ಒಸರು ನಿಂತಿತು. ನೀಲಗಿರಿ ತೋಪು, ಬಡಾವಣೆ, ಕಾರ್ಖಾನೆ ಎಲ್ಲ ಸೇರಿದವು. 2003ರಲ್ಲಿ ಸರ್ಕಾರ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ರಕ್ಷಣೆಯ ಆದೇಶ ಹೊರಡಿಸಿತು. ಅಷ್ಟರಲ್ಲಿ ತಡವಾಗಿತ್ತು. 2012ರಲ್ಲಿ ಅಲ್ಲಿಂದ ನೀರೆತ್ತುವುದು ನಿಂತಿತು. ನಾಲ್ಕನೇ ಹಂತದ ಎರಡನೇ ಭಾಗ ಬಂದ ವರ್ಷವೂ ಅದೇ. ಧರ್ಮಾಂಬುಧಿಗಾದದ್ದು ಚಾಮರಾಜಸಾಗರಕ್ಕೂ ಆಯಿತು. ಈಗ ಅದನ್ನು ಮತ್ತೆ ಎಬ್ಬಿಸುವ, ಎತ್ತಿನಹೊಳೆಯ ನೀರು ತಂದು ತುಂಬಿಸುವ ಕೆಲಸ ನಡೆದಿದೆ. ಪಶ್ಚಿಮಘಟ್ಟದ ಹಳ್ಳದ ಆಸರೆಯಲ್ಲಿ ಅರ್ಕಾವತಿಯನ್ನು ಬದುಕಿಸುವುದು ಎಷ್ಟು ಸರಿಯೆಂಬ ಪ್ರಶ್ನೆ ನನಗಿದೆ. ಅದಕ್ಕೆ ಈ ಲೇಖನ ಜಾಗವಲ್ಲ.

ಹೋಗುವ ನೀರು

ಊರಿಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಡುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಕಾವೇರಿಯ ಪ್ರತಿ ಹಂತವೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇನ್ನೊಂದು ಹೊಳೆಯನ್ನು ಊರೊಳಗೆ ಹುಟ್ಟಿಸಿತು ಎಂದಾಯಿತು. ವೃಷಭಾವತಿ ಕಣಿವೆಯಲ್ಲಿ, ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎಪ್ಪತ್ತರ ದಶಕದಲ್ಲೇ ಶುದ್ಧೀಕರಣ ಘಟಕಗಳು ಬಂದಿದ್ದವು. ಹೆಬ್ಬಾಳ ಕಣಿವೆಗೆ ಆಮೇಲೆ ಬಂತು. ಆದರೆ ಮನೆಗಳು ಏಳುವ ವೇಗಕ್ಕೆ ಕೊಳವೆ ಸಾಗಲಿಲ್ಲ. ಕೊಳವೆ ಸಿಗದ ಕೊಳಚೆ ಮಳೆನೀರಿನ ರಾಜಕಾಲುವೆ ಹಿಡಿಯಿತು, ರಾಜಕಾಲುವೆ ಕೆರೆಗೆ ಹೋಯಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ ಚಿತ್ರ ಲೋಕವೆಲ್ಲ ನೋಡಿತು. ಕೆರೆ ಒಬ್ಬರದು, ರಾಜಕಾಲುವೆ ಇನ್ನೊಬ್ಬರದು, ಕೊಳಚೆ ಮಂಡಳಿಯದು, ಬೋರ್‌ವೆಲ್ಲಿನ ಅನುಮತಿ ಮತ್ತೊಬ್ಬರದು. ನೀರು ಮಾತ್ರ ಇಲಾಖೆ ನೋಡಿ ಹರಿಯುವುದಿಲ್ಲ. 1964ರ ಕಾಯ್ದೆ ಎರಡು ಕೈಗಳ ಕೆಲಸವನ್ನು ಒಂದು ಕೈಗೆ ತಂದಿತ್ತು. ಅರ್ಧ ಶತಮಾನದಲ್ಲಿ ಅದು ಮತ್ತೆ ನಾಲ್ಕಾರು ಕೈಗಳಿಗೆ ಹಂಚಿಹೋಗಿತ್ತು. ಆಡಳಿತದ ಮಾತು ಬಂದಾಗ ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಇದು.

ಇದೇ ಅಧ್ಯಾಯದಲ್ಲಿ ಮಂಡಳಿಯ ಹೆಮ್ಮೆಯ ಕೆಲಸವೂ ಇದೆ. ಕಬ್ಬನ್ ಪಾರ್ಕು, ಲಾಲ್‌ಬಾಗಿನ ಗಿಡಗಳು ವರ್ಷಗಳಿಂದ ಸಂಸ್ಕರಿಸಿದ ನೀರು ಕುಡಿಯುತ್ತಿವೆ. ಯಲಹಂಕದ ಘಟಕ ಕೈಗಾರಿಕೆಗಳಿಗೆ ಅಂಥ ನೀರು ಮಾರಲು ಶುರುಮಾಡಿತು. ದೊಡ್ಡ ಹೆಜ್ಜೆ ಬಂದದ್ದು 2018ರಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದ ಕೋಲಾರದ ಕೆರೆಗಳಿಗೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ಕಳಿಸುವ ಸಣ್ಣ ನೀರಾವರಿ ಇಲಾಖೆಯ ಯೋಜನೆಗೆ ಮಂಡಳಿ ನೀರು ಕೊಟ್ಟಿತು. ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂದಾಗ ರೈತರು ಪೂಜೆ ಮಾಡಿದರು. ಮುಂದಿನ ತಿಂಗಳು ನೊರೆ ಕಂಡು ನೀರು ನಿಂತಿತು. ವಿಷಯ ಕೋರ್ಟಿಗೆ ಹೋಯಿತು, ಮತ್ತೆ ಹರಿಯಿತು. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 21 ಕೋಟಿ ಲೀಟರಿನ ಇನ್ನೊಂದು ಯೋಜನೆ ಬಂತು. ಬತ್ತಿದ ಬೋರ್‌ವೆಲ್ಲುಗಳಲ್ಲಿ ನೀರು ಕಾಣಿಸಿಕೊಂಡಿತೆಂದು ಕೋಲಾರದ ರೈತರು ಹೇಳುತ್ತಾರೆ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿಯವರೇ ಪಟ್ಟು ಹಿಡಿದಿದ್ದಾರೆ. ಎರಡೂ ನ್ಯಾಯ. ನಾವು ಕುಡಿದು ಬಿಟ್ಟ ಕಾವೇರಿ ನೆರೆಯ ಜಿಲ್ಲೆಯ ಕೆರೆ ತುಂಬುವುದಾದರೆ ಅದನ್ನು ಇನ್ನಷ್ಟು ತೊಳೆದು ಕಳಿಸುವುದು ಮರ್ಯಾದೆ.

ಒಳಚರಂಡಿಯ ಗುಂಡಿಗಿಳಿದು ಪ್ರಾಣ ಕಳೆದುಕೊಂಡವರ ನೆನಪಿಲ್ಲದೆ ಈ ಭಾಗ ಮುಗಿಸಲಾಗದು. ಜೆಟ್ಟಿಂಗ್ ಯಂತ್ರಗಳು ಬಂದಿವೆ, 2013ರ ಕಾನೂನು ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಊರಿನ ಸ್ವಚ್ಛತೆಯ ಬೆಲೆಯನ್ನು ತೀರಾ ಬಡವರ ಮನೆಗಳು ತೆತ್ತಿವೆ.

2022–2024: ನೆರೆ, ಬರ, ಐದನೇ ಹಂತ

2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಟ್ರ್ಯಾಕ್ಟರುಗಳಲ್ಲಿ ಜನ ಆಫೀಸಿಗೆ ಹೋದರು, ರಸ್ತೆಯಲ್ಲಿ ದೋಣಿ ಓಡಿತು. 2023ರ ಮುಂಗಾರು ಕೈಕೊಟ್ಟಿತು. 2024ರ ಮಾರ್ಚಿಗೆ ಅದೇ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತವು. ಸರ್ಕಾರಿ ಬೋರ್‌ವೆಲ್ಲುಗಳು ಸುಮಾರು 14 ಸಾವಿರ, ಅದರಲ್ಲಿ 6,900ರಷ್ಟು ಬತ್ತಿದವೆಂದು ಸರ್ಕಾರವೇ ಹೇಳಿತು. ಕಾವೇರಿ ಬರುವ ಒಳ ಊರಿಗಿಂತ ಬೋರನ್ನೇ ನಂಬಿದ ಹೊರವಲಯಕ್ಕೆ ಬಿಸಿ ಹೆಚ್ಚು ತಟ್ಟಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಮಂಡಳಿ ಆದೇಶಿಸಿತು. ನಲ್ಲಿಗಳಿಗೆ ಏರೇಟರ್ ಹಾಕಿಸಿತು, ಬತ್ತಿದ ಕೆರೆಗಳಿಗೆ ಸಂಸ್ಕರಿಸಿದ ನೀರು ಬಿಟ್ಟಿತು. ತರುವುದೇ ಕೆಲಸವೆಂದುಕೊಂಡಿದ್ದ ಸಂಸ್ಥೆ ಉಳಿಸುವ ಮಾತನ್ನು ಅಷ್ಟು ಗಟ್ಟಿಯಾಗಿ ಆಡಿದ್ದು ಆ ಬೇಸಿಗೆಯಲ್ಲೇ ಎನ್ನಬೇಕು.

ಅರವತ್ತು ತುಂಬಿದ ವರ್ಷದಲ್ಲೇ, 2024ರ ಅಕ್ಟೋಬರ್ 16ರಂದು, ತೊರೆಕಾಡನಹಳ್ಳಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಐದನೇ ಹಂತವನ್ನು ಉದ್ಘಾಟಿಸಿದರು. ದಿನಕ್ಕೆ 77.5 ಕೋಟಿ ಲೀಟರ್. ಇದುವರೆಗಿನ ಹಂತಗಳಲ್ಲೆಲ್ಲ ದೊಡ್ಡದು. 2007ರಲ್ಲಿ ಊರಿಗೆ ಸೇರಿದ 110 ಹಳ್ಳಿಗಳಿಗೆ ಈ ನೀರು ಮೀಸಲು. ಹದಿನೇಳು ವರ್ಷ ಕಾದವರಿಗೆ ಇದನ್ನು ತಡವೆನ್ನುವ ಹಕ್ಕಿದೆ. ಮೊದಲಿದ್ದ ಸುಮಾರು 145 ಕೋಟಿ ಲೀಟರಿಗೆ ಇದು ಸೇರಿ ದಿನದ ಕಾವೇರಿ 220 ಕೋಟಿ ಲೀಟರ್ ದಾಟಿತು. 1974ರ 13.5 ಕೋಟಿಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬೇಕು. 2025ರ ಏಪ್ರಿಲ್‌ನಲ್ಲಿ, 2014ರ ನಂತರ ಮೊದಲ ಬಾರಿಗೆ, ನೀರಿನ ದರವೂ ಏರಿತು. ಹನ್ನೊಂದು ವರ್ಷ ದರ ಏರದಿದ್ದಾಗಲೂ ಕರೆಂಟಿನ ದರ ಏರುತ್ತಲೇ ಇತ್ತು.

ಆರನೇ ಹಂತದ ಮಾತು ಈಗಾಗಲೇ ಕೇಳಿಬರುತ್ತಿದೆ. ಅದಕ್ಕೆ ಮುಂಚೆ ನಮ್ಮ ಕೈಯಲ್ಲೇ ಇರುವ ಎರಡು ಮೂಲಗಳಿವೆ. ಒಂದು, ಕೊಳವೆಯಲ್ಲಿ ಸೋರಿಹೋಗುವ ನೀರು. ಒಂದು ಕಾಲಕ್ಕೆ ಮೂರನೇ ಒಂದು ಪಾಲಿಗೂ ಹೆಚ್ಚು ನೀರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅದನ್ನು ತಗ್ಗಿಸುವ ಕೆಲಸಕ್ಕೆ ಉದ್ಘಾಟನೆಯ ಟೇಪು ಇಲ್ಲ, ಆದ್ದರಿಂದಲೇ ಅದರ ಸುದ್ದಿಯೂ ಕಡಿಮೆ. ಇನ್ನೊಂದು, ಮೂವತ್ತಕ್ಕೂ ಹೆಚ್ಚಿರುವ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರು. ಐನೂರು ಮೀಟರ್ ಹತ್ತಿಸಬೇಕಾಗಿಲ್ಲ, ನೆರೆಯ ರಾಜ್ಯವನ್ನು ಕೇಳಬೇಕಾಗಿಲ್ಲ. ಮಂಡಳಿಯ ಮುಂದಿನ ಯಂತ್ರಾಗಾರಗಳು ಮಳವಳ್ಳಿಗಿಂತ ಹೆಚ್ಚಾಗಿ ಊರೊಳಗಿನ ಕಣಿವೆಗಳಲ್ಲೇ ಏಳಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಬಿಲ್ಲು ಬಂದಾಗ ನೀರಿನ ಶುಲ್ಕದ ಜೊತೆಗಿರುವ ಸ್ಯಾನಿಟರಿ ಶುಲ್ಕದ ಸಾಲನ್ನೂ ಓದಿ. ಮೇ ತಿಂಗಳ ಮಳೆಗೆ ಮುಂಚೆ ತಾರಸಿ ಗುಡಿಸಿ, ಮಳೆಯ ಪೈಪು ಸಂಪಿಗೋ ಇಂಗುಗುಂಡಿಗೋ ಸೇರಿದೆಯೇ, ಇಲ್ಲ ನೇರ ಮೋರಿಗೆ ಬಿಟ್ಟಿದೆಯೇ, ನೋಡಿಕೊಳ್ಳಿ. ಹೇಗೆ ಮಾಡಿಸುವುದೆಂದು ತಿಳಿಯದಿದ್ದರೆ ಜಯನಗರ ಐದನೇ ಬ್ಲಾಕಿನ ಉದ್ಯಾನಕ್ಕೆ ಒಂದು ಬೆಳಿಗ್ಗೆ ಹೋಗಿಬನ್ನಿ. ಮಾದರಿಗಳು ಅಲ್ಲಿವೆ.